ಕ್ರೀಡಾಂಗಣದ ಕ್ಯಾಮೆರಾ: ಸ್ಥಿರಚಿತ್ರಕ್ಕೂ ವಿಡಿಯೊಗೂ ಒದಗುವ ಉಪಕರಣದ ವಿಚಾರ

ವ್ಯಾಕರಣ, ಛಂದಸ್ಸುಗಳ ಪಾಠ ಹೇಳುವವನಿಗೆ ಕ್ಯಾಮೆರಾದ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಈ ವಾರ್ಷಿಕ ಸಂಪುಟದ ಚಿತ್ರಪುಟಗಳ ಹೊಣೆ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಲೇಖನದಲ್ಲಿ ಅಚ್ಚಿನ ದೋಷ ಉಳಿದರೆ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿಯನ್ನು ಹಾಕಿ ವಾಚಕರ ಕ್ಷಮೆ ಬೇಡಬಹುದು. ಚಿತ್ರದಲ್ಲಿ ಉಳಿದ ದೋಷಕ್ಕೆ ಅಂಥ ಪಟ್ಟಿಯಿಲ್ಲ. ಇದು ನನಗೆ ಮನವರಿಕೆಯಾದದ್ದು ಎರಡು ವರ್ಷಗಳ ಹಿಂದೆ.

ಅಂದು ನಮ್ಮ ಬಾಲಕಿಯರ ಖೊ-ಖೊ ತಂಡ ಅಂತರಶಾಲಾ ಪಂದ್ಯದ ಕೊನೆಯ ಸುತ್ತಿನಲ್ಲಿ ಆಡುತ್ತಿತ್ತು. ಸಾಯಂಕಾಲ ಐದೂವರೆ ದಾಟಿತ್ತು. ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ದೇಹವನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ, ಎದುರಾಳಿಯ ಹಿಮ್ಮಡಿಯನ್ನು ಮುಟ್ಟಿದಳು. ಪಂದ್ಯ ಗೆದ್ದದ್ದು ಆ ಸ್ಪರ್ಶದಿಂದಲೇ. ದಾನಿಗಳೊಬ್ಬರ ಕೊಡುಗೆಯಿಂದ ಕೊಂಡ ನಮ್ಮ ಹೊಸ ಕ್ಯಾಮೆರಾ ಆ ಕ್ಷಣವನ್ನು ಹಿಡಿಯಿತು. ಮರುದಿನ ಗಣಕಯಂತ್ರದ ಪರದೆಯಲ್ಲಿ ನೋಡಿದರೆ ಕಂಬ ಸ್ಪಷ್ಟವಾಗಿತ್ತು, ಹಿಂದಿನ ಬೇಲಿ ಸ್ಪಷ್ಟವಾಗಿತ್ತು, ನಡುವೆ ನೀಲಿಯ ಒಂದು ಕಲೆ ಮಾತ್ರ ಹರಡಿಕೊಂಡಿತ್ತು. ಆ ಹುಡುಗಿ ಬಹಳ ಹೊತ್ತು ನೋಡಿ, "ಸರ್, ಇದರಲ್ಲಿ ನಾನೆಲ್ಲಿ?" ಎಂದು ಕೇಳಿದಳು. ಕೂಲಿಗೆ ಹೋಗುವ ಅವಳ ತಾಯಿಗೆ ತೋರಿಸಲು ಒಂದು ಪ್ರತಿ ಬೇಕಾಗಿತ್ತಂತೆ.

ಅಂಗಡಿಯಲ್ಲಿ ಆ ಕ್ಯಾಮೆರಾವನ್ನು ಹೊಗಳಿದ್ದು ಅದರ ಮೆಗಾಪಿಕ್ಸೆಲ್‌ಗಳ ಲೆಕ್ಕದಿಂದ. ನಾವು ತಲೆದೂಗಿದೆವು. ತಪ್ಪು ಯಂತ್ರದ್ದಲ್ಲ, ಕೊಂಡವರದು. ಕೊಂಡವರಲ್ಲಿ ನಾನೂ ಒಬ್ಬ. ಈಗ ಹಿರಿಯ ವಿದ್ಯಾರ್ಥಿಯೊಬ್ಬರು ಕ್ರೀಡಾಚಿತ್ರಕ್ಕೂ ವಿಡಿಯೊಗೂ ಒದಗುವ ಉಪಕರಣಗಳನ್ನು ಕೊಡಿಸಲು ಮುಂದೆ ಬಂದಿದ್ದಾರೆ. "ಏನು ಕೊಳ್ಳಬೇಕೆಂದು ತಾವೇ ಬರೆದು ತಿಳಿಸಿರಿ" ಎಂದಿದ್ದಾರೆ. ಅವರಿಗೆ ಬರೆದ ಉತ್ತರವೇ ವಿಸ್ತಾರಗೊಂಡು ಈ ಲೇಖನವಾಗಿದೆ. ಪತ್ರಿಕೆಯೊಂದರಲ್ಲಿ ಛಾಯಾಗ್ರಾಹಕರಾಗಿರುವ ನಮ್ಮ ಮತ್ತೊಬ್ಬ ಹಿರಿಯ ವಿದ್ಯಾರ್ಥಿ ಈ ವಿಷಯದಲ್ಲಿ ನನಗೆ ಗುರುವಾದರು. ಶಿಷ್ಯನಿಂದ ಪಾಠ ಹೇಳಿಸಿಕೊಳ್ಳುವ ಭಾಗ್ಯ ಎಲ್ಲ ಉಪಾಧ್ಯಾಯರಿಗೂ ಸಿಕ್ಕುವುದಿಲ್ಲ.

ಸ್ಥಿರಚಿತ್ರವೂ ಚಲಿಸುವ ಚಿತ್ರವೂ ಒಡಹುಟ್ಟಿದವು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಎಂಬಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ, ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಶ್ರೀಮಂತನ ಕುದುರೆ ಓಡುವ ದಾರಿಯ ಪಕ್ಕದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟನು. ಓಡುವ ಕುದುರೆಯ ನಾಲ್ಕು ಗೊರಸುಗಳೂ ಏಕಕಾಲದಲ್ಲಿ ನೆಲವನ್ನು ಬಿಡುವುದುಂಟೆ ಎಂಬ ಬಹುಕಾಲದ ವಿವಾದ ಅದರಿಂದ ತೀರಿತು. ಬಿಡುತ್ತವೆ ಎಂಬುದು ಚಿತ್ರಗಳಲ್ಲಿ ಕಂಡಿತು. ಮರುವರ್ಷವೇ ಅವನು ಅಂಥ ಚಿತ್ರಗಳನ್ನು ಗಾಜಿನ ತಟ್ಟೆಯ ಮೇಲೆ ಬರೆಯಿಸಿ, ತಿರುಗಿಸಿ, ತೆರೆಯ ಮೇಲೆ ಕುದುರೆಯನ್ನು ಓಡಿಸಿದನು. ಮೊದಲು ಚಲನೆಯನ್ನು ನಿಲ್ಲಿಸಿದವನೇ ಅನಂತರ ಅದನ್ನು ಹರಿಯಬಿಟ್ಟನು. ಒಂದೇ ಯಂತ್ರದಿಂದ ಎರಡನ್ನೂ ಬಯಸುವ ನಮ್ಮ ಕಷ್ಟವೆಲ್ಲ ಇಲ್ಲಿಯೇ ಇದೆ.

ಕ್ಯಾಮೆರಾದ ಶಟರ್ ಎಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು. ಅದನ್ನು 'ಕವಾಟ'ವೆಂದು ಬರೆಯುವ ಆಸೆ ನನಗಿತ್ತು. ಆದರೆ ಅಂಗಡಿಯಲ್ಲಿ ಕವಾಟದ ವೇಗವನ್ನು ಕೇಳಿದರೆ ಬೀರುವಿನ ಅಂಗಡಿಯ ದಾರಿ ತೋರಿಸಿಯಾರು. ಶಟರ್ ಎಂದೇ ಇರಲಿ. ನೂರು ಮೀಟರ್ ಓಟವನ್ನು ಹನ್ನೆರಡೂವರೆ ಸೆಕೆಂಡಿನಲ್ಲಿ ಮುಗಿಸುವ ಬಾಲಕ ಸೆಕೆಂಡಿಗೆ ಸರಾಸರಿ 8 ಮೀಟರ್ ಸಾಗುತ್ತಾನೆ. ಶಟರ್ 1/1000 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅವನು ಸರಿಯುವುದು 8 ಮಿಲಿಮೀಟರ್ ಮಾತ್ರ. ಮುಖ ಮುಖವಾಗಿಯೇ ಉಳಿಯುತ್ತದೆ. 1/50 ಸೆಕೆಂಡು ತೆರೆದಿದ್ದರೆ 16 ಸೆಂಟಿಮೀಟರ್ ಸರಿದಿರುತ್ತಾನೆ, ಅಂದರೆ ಸುಮಾರು ಒಂದು ಗೇಣು. ಬೀಸುವ ಕೈಕಾಲುಗಳು ದೇಹಕ್ಕಿಂತ ವೇಗವಾಗಿ ಚಲಿಸುವುದರಿಂದ ಅವು ಇನ್ನೂ ಹೆಚ್ಚು ಕದಡುತ್ತವೆ. ನಮ್ಮ ಖೊ-ಖೊ ಚಿತ್ರದ ದಾಖಲೆಯನ್ನು ಆಮೇಲೆ ತೆಗೆದು ನೋಡಿದೆ. ಕ್ಯಾಮೆರಾ ತಾನಾಗಿ ಆರಿಸಿಕೊಂಡಿದ್ದ ವೇಗ 1/80.

ವಿಡಿಯೊದ ಧರ್ಮ ಬೇರೆ. ಸೆಕೆಂಡಿಗೆ 25 ಚೌಕಟ್ಟುಗಳನ್ನು ಹಿಡಿಯುವಾಗ ಪ್ರತಿಯೊಂದಕ್ಕೂ ಶಟರ್ 1/50 ಸೆಕೆಂಡು ತೆರೆದಿರಬೇಕೆಂಬುದು ಸಿನಿಮಾ ಕಾಲದಿಂದ ಬಂದ ವಾಡಿಕೆ. ಪ್ರತಿ ಚೌಕಟ್ಟಿನಲ್ಲಿ ಉಳಿಯುವ ಆ ತುಸು ಕದಡುವಿಕೆಯೇ ಒಂದನ್ನು ಇನ್ನೊಂದಕ್ಕೆ ಬೆಸೆದು ಕಣ್ಣಿಗೆ ಓಟವನ್ನು ಓಟವಾಗಿ ಕಾಣಿಸುತ್ತದೆ. 1/1000ದಲ್ಲಿ ತೆಗೆದ ವಿಡಿಯೊದಲ್ಲಿ ಓಟಗಾರರು ತೊಗಲುಗೊಂಬೆಗಳಂತೆ ಜರ್ಕುಜರ್ಕಾಗಿ ಕುಣಿಯುವುದುಂಟು. ಸ್ಥಿರಚಿತ್ರ ನಾಮಪದದಂತೆ, ವಿಡಿಯೊ ಕ್ರಿಯಾಪದದಂತೆ ಎಂದು ನನ್ನ ತರಗತಿಯಲ್ಲಿ ಹೇಳಿದೆ. ಮಕ್ಕಳಿಗೆ ವ್ಯಾಕರಣಕ್ಕಿಂತ ಇದೇ ಬೇಗ ಅರ್ಥವಾಯಿತು.

ಇನ್ನು ಬೆಳಕಿನ ಲೆಕ್ಕ. ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ; ದಾನಿಗಳ ಹಣ ಉಳಿಯುವುದೂ ಹಾಳಾಗುವುದೂ ಈ ಲೆಕ್ಕದಲ್ಲಿಯೇ. ಮಸೂರದ ಮೇಲೆ ಎಫ್ 2.8, ಎಫ್ 5.6 ಎಂದು ಅಂಕೆಗಳಿರುತ್ತವೆ. ಮಸೂರದ ನಾಭಿದೂರವನ್ನು ಅದರ ತೆರಪಿನ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಯಿದು. ಆದ್ದರಿಂದ ಅಂಕೆ ಸಣ್ಣದಾದಷ್ಟೂ ತೆರಪು ದೊಡ್ಡದು. 200 ಮಿಲಿಮೀಟರ್ ಮಸೂರ ಎಫ್ 2.8 ಆಗಬೇಕಾದರೆ ತೆರಪು ಸುಮಾರು 71 ಮಿಲಿಮೀಟರ್ ಇರಬೇಕು, ಎಫ್ 5.6ಕ್ಕೆ 36 ಸಾಕು. ವ್ಯಾಸ ಎರಡು ಪಟ್ಟಾದರೆ ಒಳಬರುವ ಬೆಳಕು ನಾಲ್ಕು ಪಟ್ಟು. ಅಷ್ಟು ಗಾಜಿನ ಭಾರ, ಅಷ್ಟರ ಬೆಲೆ ನಮ್ಮ ತಲೆಯ ಮೇಲೆ. ಹೆಸರಾಂತ ತಯಾರಕರ 70-200 ಎಫ್ 2.8 ಮಸೂರ ಹೊಸದಾಗಿ ಲಕ್ಷ ರೂಪಾಯಿಯನ್ನು ಮೀರುತ್ತದೆ. ತೂಕ ಒಂದರಿಂದ ಒಂದೂವರೆ ಕಿಲೋಗ್ರಾಂ.

ಇಂಥ ಮಸೂರ ನಮಗೆ ಬೇಕೇ? ಹಗಲಿನ ಆಟಕ್ಕೆ ಬೇಡ. ಹಳೆಯ ಛಾಯಾಗ್ರಾಹಕರ ಸೂತ್ರವೊಂದಿದೆ: ನಿಚ್ಚಳ ಬಿಸಿಲಿನಲ್ಲಿ ಎಫ್ 16 ಇಟ್ಟರೆ, ಐಎಸ್‌ಒ ಸಂಖ್ಯೆ 100 ಇದ್ದಾಗ ಶಟರ್ ವೇಗ 1/100 ಸರಿಹೋಗುತ್ತದೆ. ಐಎಸ್‌ಒ ಎಂಬುದು ಕ್ಯಾಮೆರಾದ ಬೆಳಕಿನ ಗ್ರಹಣಶಕ್ತಿಯನ್ನು ಸೂಚಿಸುವ ಅಳತೆ. ಅದನ್ನು ಏರಿಸಿದಂತೆ ಚಿತ್ರದಲ್ಲಿ ಮರಳು ಚೆಲ್ಲಿದಂಥ ಕಾಳುಗಳು ಏಳುತ್ತವೆ. ಮೇಲಿನ ಸೂತ್ರದಂತೆ ಎಫ್ 5.6ರಲ್ಲಿ ವೇಗ 1/800 ಆಗುತ್ತದೆ. ಐಎಸ್‌ಒ 200ಕ್ಕೆ ಏರಿಸಿದರೆ 1/1600. ಬಿಸಿಲಿನ ಮೈದಾನದಲ್ಲಿ ಓಟ, ಜಿಗಿತ, ಕಬಡ್ಡಿಗಳನ್ನು ನಿಲ್ಲಿಸಿ ಹಿಡಿಯಲು ಕಡಿಮೆ ಬೆಲೆಯ ಮಸೂರವೇ ಧಾರಾಳ. ಆದರೆ ಅದೇ ಬಿಸಿಲಿನಲ್ಲಿ ವಿಡಿಯೊ ತೆಗೆಯುವವನು 1/50ಕ್ಕೆ ಕಟ್ಟುಬಿದ್ದವನು. ಎಫ್ 2.8ರಲ್ಲಿ ತೆಗೆಯಹೊರಟರೆ ಅವನಿಗೆ ಬೇಕಾದುದಕ್ಕಿಂತ ಸುಮಾರು 64 ಪಟ್ಟು ಹೆಚ್ಚು ಬೆಳಕು ಒಳಗೆ ನುಗ್ಗಿ ಚಿತ್ರ ಬೆಳ್ಳಗಾಗುತ್ತದೆ. ಅದಕ್ಕೆ ಮಸೂರದ ಮುಂದೆ ಬೂದುಬಣ್ಣದ ಗಾಜನ್ನು ತೊಡಿಸಬೇಕು. ಎನ್‌ಡಿ ಫಿಲ್ಟರ್ ಎಂದು ಕೇಳಿದರೆ ಕೊಡುತ್ತಾರೆ.

ಸಂಜೆಯಾಗಲಿ, ಆಟವು ಸಭಾಭವನದೊಳಗೆ ಬರಲಿ, ಎಲ್ಲವೂ ತಲೆಕೆಳಗಾಗುತ್ತದೆ. ಟ್ಯೂಬ್‌ಲೈಟುಗಳ ಬೆಳಕಿನಲ್ಲಿ ಷಟಲ್ ಬ್ಯಾಡ್ಮಿಂಟನ್ ಆಟವನ್ನು 1/500 ವೇಗದಲ್ಲಿ ಹಿಡಿಯಬೇಕಾದರೆ ಎಫ್ 2.8 ಇದ್ದರೂ ಐಎಸ್‌ಒ 3200ರ ಸುಮಾರಿಗೆ ಏರಬೇಕಾಗುತ್ತದೆ. ಎಫ್ 5.6 ಆದರೆ 12800. ಅಲ್ಲಿ ವಿಡಿಯೊದವನು ಮಾತ್ರ 1/50ರಲ್ಲಿ, ಐಎಸ್‌ಒ 320ರಲ್ಲಿ ನೆಮ್ಮದಿಯಿಂದ ಕುಳಿತಿರುತ್ತಾನೆ. ಬಿಸಿಲು ಸ್ಥಿರಚಿತ್ರಕ್ಕೆ ಬಂಧು, ವಿಡಿಯೊಗೆ ದಾಯಾದಿ. ಮಬ್ಬು ಇದಕ್ಕೆ ವಿಪರ್ಯಯ. ಆದಕಾರಣ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಕಂಪನಿ, ಎಷ್ಟು ಮೆಗಾಪಿಕ್ಸೆಲ್ ಎಂದಲ್ಲ. ನಮ್ಮ ಮಕ್ಕಳು ಎಷ್ಟು ಗಂಟೆಗೆ ಆಡುತ್ತಾರೆ, ಎಲ್ಲಿ ಆಡುತ್ತಾರೆ ಎಂದು. ನಮ್ಮಲ್ಲಿ ಪೂರ್ವಭಾವಿ ಸುತ್ತುಗಳೆಲ್ಲ ಹಗಲಿನಲ್ಲಿ ಮುಗಿದು, ಅಂತಿಮ ಪಂದ್ಯಗಳು ಅತಿಥಿಗಳ ಅನುಕೂಲಕ್ಕಾಗಿ ಸಂಜೆಗೆ ಜಾರುತ್ತವೆ. ಮುಖ್ಯವಾದ ಚಿತ್ರಗಳೆಲ್ಲ ಕೆಟ್ಟ ಬೆಳಕಿನಲ್ಲಿಯೇ ಬರುವುದು ನಮ್ಮ ಪ್ರಾರಬ್ಧ. ಹಾಗಾಗಿ ಹಣದ ದೊಡ್ಡ ಪಾಲು ಮಸೂರಕ್ಕೆ ಹೋಗಬೇಕೆಂಬುದು ನನ್ನ ಖಚಿತಾಭಿಪ್ರಾಯ.

ವಿದ್ಯುದ್ದೀಪಗಳ ಬಗೆಗೆ ಇನ್ನೊಂದು ಮಾತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಅದರಿಂದ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಇದು ಕ್ಯಾಮೆರಾಕ್ಕೆ ಕಾಣುತ್ತದೆ. ವಿಡಿಯೊದಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ತೊಂದರೆಯಿಲ್ಲ. 1/60 ಇಟ್ಟರೆ ಪರದೆಯ ಮೇಲೆ ನೆರಳಿನ ಪಟ್ಟೆಗಳು ಅಲೆಯುತ್ತವೆ. ವಿದೇಶೀ ಪುಸ್ತಕಗಳಲ್ಲಿಯೂ ಪಾಠಗಳಲ್ಲಿಯೂ 1/60ರ ಸಲಹೆ ಇರುವುದು 60 ಆವರ್ತಗಳ ವಿದ್ಯುತ್ತಿರುವ ಅಮೆರಿಕದಂಥ ದೇಶಗಳಿಗೆ. ಸ್ಥಿರಚಿತ್ರದಲ್ಲಿ 1/1000 ಇಟ್ಟಾಗ ಒಂದು ಚಿತ್ರ ಬೆಳಗಿ ಮುಂದಿನದು ಮಂಕಾಗುವುದುಂಟು. ದೀಪ ಹೆಚ್ಚು ಬೆಳಗುವ ಕ್ಷಣವನ್ನು ಕಾದು ಶಟರ್ ತೆರೆಯುವ ವ್ಯವಸ್ಥೆ ಈಗಿನ ಕೆಲವು ಕ್ಯಾಮೆರಾಗಳಲ್ಲಿದೆ. ಅದಿದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಮೆಗಾಪಿಕ್ಸೆಲ್ ವ್ಯಾಮೋಹಕ್ಕೆ ಈ ಸಂಪುಟವೇ ಮದ್ದು. ಅಚ್ಚಿಗೆ ಅಂಗುಲಕ್ಕೆ 300 ಬಿಂದುಗಳು ಬೇಕೆಂದು ಮುದ್ರಕರು ಹೇಳುತ್ತಾರೆ. 7 ಅಂಗುಲ ಅಗಲ, 9 ಅಂಗುಲ ಎತ್ತರದ ಪೂರ್ಣಪುಟದ ಚಿತ್ರಕ್ಕೆ ಅದು ಸುಮಾರು 57 ಲಕ್ಷ ಬಿಂದುಗಳಾಯಿತು, ಅಂದರೆ ಆರು ಮೆಗಾಪಿಕ್ಸೆಲ್‌ಗೂ ಕಡಿಮೆ. 20 ಮೆಗಾಪಿಕ್ಸೆಲ್‌ನ ಕ್ಯಾಮೆರಾದಲ್ಲಿ ತೆಗೆದ ಚಿತ್ರದ ಮೂರನೆಯ ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಪುಟ ತುಂಬುತ್ತದೆ. ಇದನ್ನು ಕೇಳಿದ ನಮ್ಮ ಗಣಿತದ ಉಪಾಧ್ಯಾಯರು ಒಂದು ಸೂಕ್ಷ್ಮವಾದ ಪ್ರಶ್ನೆಯನ್ನೆತ್ತಿದರು: "ಪಂಡಿತರೇ, 4ಕೆ ವಿಡಿಯೊದ ಒಂದೊಂದು ಚೌಕಟ್ಟಿನಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಹಾಗಾದರೆ ವಿಡಿಯೊ ಒಂದನ್ನೇ ತೆಗೆದು, ಬೇಕಾದ ಚೌಕಟ್ಟನ್ನು ಅಚ್ಚಿಗೆ ಕೊಡಬಾರದೇಕೆ?" ಬಿಂದುಗಳ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ 1/50ರ ಚೌಕಟ್ಟಿನಲ್ಲಿ ಆ ಒಂದು ಗೇಣಿನ ಕದಡುವಿಕೆ ಇದ್ದೇ ಇರುತ್ತದೆ. ಬಿಂದುಗಳು ಎಷ್ಟಿದ್ದರೇನು, ಕದಡಿದ ಮುಖ ಕದಡಿದ ಮುಖವೇ. ವಿಡಿಯೊವನ್ನೇ 1/1000ದಲ್ಲಿ ತೆಗೆದರೆ ಚೌಕಟ್ಟು ಸ್ಪಷ್ಟ, ನೋಟ ಒರಟು.

ಈ ಒರಟುತನವನ್ನು ಬಯಸುವವರೂ ಇದ್ದಾರೆಂಬುದು ನನಗೆ ಆಮೇಲೆ ತಿಳಿಯಿತು. ನಮ್ಮ ದೈಹಿಕ ಶಿಕ್ಷಕರಿಗೆ ನೋಟದ ಸೊಗಸು ಬೇಡ. ಉದ್ದ ಜಿಗಿತದ ಬಾಲಕನ ಪಾದ ಹಲಗೆಯ ಮೇಲೆ ಎಲ್ಲಿ ಬಿತ್ತೆಂಬುದು ಬೇಕು. ಸೆಕೆಂಡಿಗೆ 100 ಚೌಕಟ್ಟು, ಶಟರ್ 1/1000 ಇಟ್ಟು ತೆಗೆದುದನ್ನು 25ರ ವೇಗದಲ್ಲಿ ತೋರಿಸಿದರೆ ಕಾಲು ಭಾಗದ ವೇಗದಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಮೂರು ವಾರ ಬಾಯಲ್ಲಿ ಹೇಳಿಯೂ ತಿದ್ದಲಾಗದ ತಪ್ಪನ್ನು ಆ ಬಾಲಕ ಒಮ್ಮೆ ನೋಡಿ ತಾನೇ ತಿದ್ದಿಕೊಂಡನೆಂದು ಅವರು ಹೇಳಿದರು. ಆದ್ದರಿಂದ ಸೆಕೆಂಡಿಗೆ 100 ಅಥವಾ 120 ಚೌಕಟ್ಟು ತೆಗೆಯುವ ಸಾಮರ್ಥ್ಯ ಶಾಲೆಯ ಕ್ಯಾಮೆರಾಕ್ಕೆ ಅಲಂಕಾರವಲ್ಲ.

ಕ್ಯಾಮೆರಾದ ಒಡಲಿನ ವಿಷಯಕ್ಕೆ ಬರೋಣ. ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಕ್ಯಾಮೆರಾಗಳು ವಿಡಿಯೊ ಕಲಿತದ್ದು 2008ರಲ್ಲಿ. ನಿಕಾನ್ ಡಿ90 ಮೊದಲನೆಯದು, ಕ್ಯಾನನ್ 5ಡಿ ಮಾರ್ಕ್ 2 ಅದೇ ವರ್ಷದ್ದು. ಆದರೆ ವಿಡಿಯೊ ತೆಗೆಯುವಾಗ ಕನ್ನಡಿ ಮೇಲೆದ್ದು ನಿಲ್ಲಬೇಕಾದ್ದರಿಂದ, ಅವುಗಳ ವೇಗದ ನಾಭೀಕರಣ ವ್ಯವಸ್ಥೆ ಆಗ ಕುರುಡಾಗುತ್ತಿತ್ತು. 2013ರ ಕ್ಯಾನನ್ 70ಡಿ ಸಂವೇದಕದಲ್ಲಿಯೇ ನಾಭೀಕರಣವನ್ನು ಅಳವಡಿಸಿ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲ; ಸ್ಥಿರಚಿತ್ರಕ್ಕೂ ವಿಡಿಯೊಗೂ ಒಂದೇ ಕಣ್ಣು. ಮನುಷ್ಯನ ಮುಖವನ್ನೂ ಕಣ್ಣನ್ನೂ ಗುರುತಿಸಿ ಹಿಂಬಾಲಿಸುತ್ತವೆ. ಎರಡೂ ಕೆಲಸಕ್ಕೆ ಒಂದೇ ಯಂತ್ರ ಬೇಕೆನ್ನುವವರು ಇಂದು ಇದನ್ನೇ ಕೊಳ್ಳುವುದು ವಿಹಿತ. ಆದರೆ ಕಬಡ್ಡಿಯಲ್ಲಿ ಏಳು ಜನ ಸುತ್ತುವರಿದಾಗ ಯಾರ ಕಣ್ಣನ್ನು ಹಿಡಿಯಬೇಕೆಂಬುದು ಯಂತ್ರಕ್ಕೆ ತಿಳಿಯದು. ನಾಭೀಕರಣದ ಆವರಣವನ್ನು ಕೈಯಿಂದ ಕಿರಿದುಮಾಡಿ ದಾಳಿಗಾರನ ಮೇಲಿರಿಸಲು ಅವಕಾಶವಿರಬೇಕು.

ಸಂವೇದಕದ ಗಾತ್ರದ ಬಗೆಗೆ ನಾನು ಮಿತವ್ಯಯದ ಪಕ್ಷ. 36×24 ಮಿಲಿಮೀಟರಿನ ಪೂರ್ಣ ಗಾತ್ರದ ಸಂವೇದಕ ಮಬ್ಬಿನಲ್ಲಿ ಮೇಲು, ಸಂಶಯವಿಲ್ಲ. ಆದರೆ ಸುಮಾರು 23.5×15.6 ಮಿಲಿಮೀಟರಿನ ಎಪಿಎಸ್-ಸಿ ಸಂವೇದಕದಿಂದ ಕ್ರೀಡೆಗೆ ಬೇರೊಂದು ಲಾಭವಿದೆ. 200 ಮಿಲಿಮೀಟರ್ ಮಸೂರದಲ್ಲಿ 20 ಮೀಟರ್ ದೂರದ ಆಟಗಾರನ ಸುತ್ತ 2.4 ಮೀಟರ್ ಎತ್ತರದಷ್ಟು ನೋಟ ಪೂರ್ಣ ಗಾತ್ರದಲ್ಲಿ ಸಿಕ್ಕಿದರೆ, ಹೆಚ್ಚುಕಡಿಮೆ ಅಷ್ಟೇ ನೋಟ ಎಪಿಎಸ್-ಸಿಯಲ್ಲಿ 30 ಮೀಟರ್ ದೂರದಿಂದ ಸಿಕ್ಕುತ್ತದೆ. 13 ಮೀಟರ್ ಉದ್ದದ ಕಬಡ್ಡಿ ಅಂಕಣ, 18 ಮೀಟರಿನ ವಾಲಿಬಾಲ್ ಅಂಕಣಗಳಿಗೆ ಇದು ಬೇಕಾದಷ್ಟಾಯಿತು. ಫುಟ್‌ಬಾಲ್ ಮೈದಾನದ ಆಚೆಯ ಗೋಲಿಗೆ ಸಾಲದು. ಅದಕ್ಕಾಗಿ ಇನ್ನೂ ಉದ್ದದ ಮಸೂರ ಕೊಳ್ಳುವ ಬದಲು ಛಾಯಾಗ್ರಾಹಕನೇ ನಡೆದುಹೋಗಿ ಆ ಗೋಲಿನ ಹಿಂದೆ ಕುಳಿತುಕೊಳ್ಳಲಿ.

'ರೋಲಿಂಗ್ ಶಟರ್' ಎಂಬ ದೋಷವನ್ನು ಹೇಳದೆ ಬಿಡಲಾಗದು. ಬಹುತೇಕ ಸಂವೇದಕಗಳು ನೋಟವನ್ನು ಒಮ್ಮೆಗೇ ಗ್ರಹಿಸುವುದಿಲ್ಲ. ಓಲೆಯ ಮೇಲೆ ಲಿಪಿಕಾರ ಪಂಕ್ತಿ ಪಂಕ್ತಿಯಾಗಿ ಬರೆದಂತೆ ಮೇಲಿನಿಂದ ಕೆಳಗೆ ಓದುತ್ತವೆ. ಕೊನೆಯ ಪಂಕ್ತಿಗೆ ಬರುವಷ್ಟರಲ್ಲಿ ಬ್ಯಾಟು ಬೀಸಿ ಮುಗಿದಿರುತ್ತದೆ. ಹಾಗಾಗಿ ನೆಟ್ಟಗಿನ ಬ್ಯಾಟು ಬಿಲ್ಲಿನಂತೆ ಬಾಗಿ ಕಾಣುತ್ತದೆ. ಸ್ಥಿರಚಿತ್ರದಲ್ಲಿ ಯಾಂತ್ರಿಕ ಶಟರ್ ಬಳಸಿದರೆ ಈ ದೋಷ ಕಣ್ಣಿಗೆ ಬೀಳದಷ್ಟು ತಗ್ಗುತ್ತದೆ, ವಿಡಿಯೊದಲ್ಲಿ ತಪ್ಪದು. ಸೋನಿ ಆಲ್ಫಾ 9 (2017), ನಿಕಾನ್ ಝಡ್ 9 (2021), ಎಪಿಎಸ್-ಸಿ ಗಾತ್ರದಲ್ಲಿ ಫ್ಯೂಜಿಫಿಲ್ಮ್ ಎಕ್ಸ್-ಎಚ್2ಎಸ್ (2022) ಇವು ಬಹು ಬೇಗ ಓದುವ ಸಂವೇದಕಗಳುಳ್ಳವು. 2023ರಲ್ಲಿ ಪ್ರಕಟವಾದ ಸೋನಿ ಆಲ್ಫಾ 9ರ ಮೂರನೆಯ ಆವೃತ್ತಿ ಇಡೀ ನೋಟವನ್ನು ಏಕಕಾಲಕ್ಕೆ ಗ್ರಹಿಸಿ, ಸೆಕೆಂಡಿಗೆ 120 ಚಿತ್ರಗಳನ್ನು ತೆಗೆಯುತ್ತದೆ. ಅದರ ಬೆಲೆಗೆ ನಾವು ಒಂದು ತರಗತಿಯ ಕೊಠಡಿಯನ್ನು ದುರಸ್ತಿ ಮಾಡಿಸಬಹುದು. ಶಾಲೆಗೆ ಅದು ಸಲ್ಲದು.

ವಿಡಿಯೊದ ಪಾಲಿಗೆ ಕಾಲಾವಧಿಯೊಂದು ತೊಡಕು. ಹಿಂದಿನ ಅನೇಕ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಂತುಬಿಡುತ್ತಿದ್ದವು; ಅರ್ಧ ಗಂಟೆ ತೆಗೆಯುವ ಯಂತ್ರವನ್ನು ವಿಡಿಯೊ ಕ್ಯಾಮೆರಾವೆಂದು ಪರಿಗಣಿಸಿ ಐರೋಪ್ಯ ಒಕ್ಕೂಟ ಹೆಚ್ಚು ಸುಂಕ ವಿಧಿಸುತ್ತಿದ್ದುದು ಅದಕ್ಕೆ ಕಾರಣ. ಎಲ್ಲಿಯದೋ ಸುಂಕದ ಕಟ್ಟೆಗೆ ನಮ್ಮೂರಿನ ಪಂದ್ಯ ನಿಲ್ಲುವುದೆಂದರೆ ವಿಚಿತ್ರವೇ ಸರಿ. ಪುರುಷರ ಕಬಡ್ಡಿ ಪಂದ್ಯಕ್ಕೆ 20 ನಿಮಿಷಗಳ ಎರಡು ಅವಧಿಗಳೂ ನಡುವೆ ವಿರಾಮವೂ ಉಂಟು. ಹಳೆಯ ಯಂತ್ರವಾದರೆ ವಿರಾಮದಲ್ಲಿ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ 4ಕೆ ತೆಗೆಯುವಾಗ ಕಾದು ನಿಂತುಹೋಗುವ ಯಂತ್ರಗಳೂ ಇವೆ. ಒಂದು ಕೊಡೆಯ ನೆರಳು ಆಗ ಬಹಳ ಉಪಕಾರಿ. ಸೆಕೆಂಡಿಗೆ 100 ಮೆಗಾಬಿಟ್ ಪ್ರಮಾಣದ 4ಕೆ ವಿಡಿಯೊ ಗಂಟೆಗೆ 45 ಗಿಗಾಬೈಟ್ ನುಂಗುತ್ತದೆ. ವಿ30 ಗುರುತಿನ 64 ಗಿಗಾಬೈಟಿನ ಕಾರ್ಡು ಸುಮಾರು 85 ನಿಮಿಷಕ್ಕೆ ಸಾಕು.

ಎಲ್ಲಕ್ಕಿಂತ ದೊಡ್ಡ ಅಡಚಣೆಯನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ: ಒಂದು ಯಂತ್ರ ಎರಡನ್ನೂ ಬಲ್ಲದಾದರೂ ಒಂದೇ ಗಳಿಗೆಯಲ್ಲಿ ಎರಡನ್ನೂ ಚೆನ್ನಾಗಿ ಮಾಡಲಾರದು, ಅದನ್ನು ಹಿಡಿದವನಿಗೂ ಎರಡು ಮನಸ್ಸಿಲ್ಲ. 1/1000ದಿಂದ 1/50ಕ್ಕೆ ತಿರುಗಿಸಿ, ಫಿಲ್ಟರ್ ತೊಡಿಸಿ, ಮತ್ತೆ ಹಿಂದಿರುಗುವಷ್ಟರಲ್ಲಿ ಆಟವೇ ಮುಗಿದಿರುತ್ತದೆ. ನಾವು ಕಂಡುಕೊಂಡ ಉಪಾಯವಿಷ್ಟು: ಇಡೀ ಅಂಕಣ ಕಾಣುವಂತೆ ಒಂದು ಸಾಧಾರಣ ಮೊಬೈಲ್ ಫೋನನ್ನು ಮುಕ್ಕಾಲಿಯ ಮೇಲೆ ಎತ್ತರದಲ್ಲಿ ನಿಲ್ಲಿಸಿ ಆದ್ಯಂತ ವಿಡಿಯೊ ತೆಗೆಯಲು ಬಿಡುವುದು, ಕ್ಯಾಮೆರಾ ಸ್ಥಿರಚಿತ್ರಕ್ಕೆ ಮೀಸಲು, ಅಭ್ಯಾಸದ ದಿನಗಳಲ್ಲಿ ಅದೇ ಕ್ಯಾಮೆರಾ ದೈಹಿಕ ಶಿಕ್ಷಕರ ನಿಧಾನಗತಿಯ ವಿಡಿಯೊಗೆ.

ಕೊನೆಗೆ ದಾನಿಗಳಿಗೆ ಬರೆದು ಕಳುಹಿಸಿದ್ದು ಹೀಗೆ: ಮಧ್ಯಮ ಬೆಲೆಯ ಎಪಿಎಸ್-ಸಿ ಮಿರರ್‌ಲೆಸ್ ಒಡಲು ಒಂದು, ಅದೇ ತಯಾರಕರ ಡಿಎಸ್‌ಎಲ್‌ಆರ್ ಕಾಲದ 70-200 ಎಫ್ 2.8 ಮಸೂರ ಒಂದು, ಒಮ್ಮೆ ಬಳಸಿದ್ದು, ಅಡಾಪ್ಟರ್ ಸಹಿತ, ಒಂಟಿ ಕಾಲಿನ ಊರುಗೋಲು, ಅಂದರೆ ಮಾನೋಪಾಡ್, ಎನ್‌ಡಿ ಫಿಲ್ಟರ್, ಎರಡು ಕಾರ್ಡು, ಮೂರು ಬ್ಯಾಟರಿ, ಗಾಳಿಯ ಸದ್ದು ತಡೆಯುವ ತುಪ್ಪಳದ ಹೊದಿಕೆಯುಳ್ಳ ಸಣ್ಣ ಮೈಕು. ಹಳೆಯ ಮಸೂರ ಕೊಳ್ಳುವಾಗ ಎರಡು ಎಚ್ಚರ. ನಿಕಾನ್‌ನವರ ಹಳೆಯ ಮಸೂರಗಳಲ್ಲಿ ತಮ್ಮೊಳಗೆ ಮೋಟಾರು ಇಲ್ಲದವು ನಿಕಾನ್‌ನವರದೇ ಅಡಾಪ್ಟರಿನ ಮೂಲಕ ತಾವಾಗಿ ನಾಭೀಕರಿಸುವುದಿಲ್ಲ. ಎರಡನೆಯದು, ಮಸೂರದ ಹಿಂದಿನಿಂದ ಟಾರ್ಚು ಹಾಕಿ ನೋಡಬೇಕು. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟು ಅಗ್ಗವಾಗಿ ಕೊಟ್ಟರೂ ಬೇಡ. ನಮ್ಮಲ್ಲಿಯೂ ಮಳೆಗಾಲದಲ್ಲಿ ಮಸೂರವನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಪತ್ರ ಕಳುಹಿಸುವ ಮುನ್ನ ನಮ್ಮ ಪತ್ರಿಕಾ ಛಾಯಾಗ್ರಾಹಕರು ಪರೀಕ್ಷಾರ್ಥವಾಗಿ ತಮ್ಮ ಹಳೆಯ ಎಫ್ 2.8 ಮಸೂರವನ್ನೂ ಕ್ಯಾಮೆರಾವನ್ನೂ ಒಂದು ಸಂಜೆಯ ಮಟ್ಟಿಗೆ ಕೊಟ್ಟರು. ಆ ವಿದ್ಯಾರ್ಥಿನಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅದೇ ಹೊತ್ತು, ಅದೇ ಕಂಬ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಸರದಿಯಂತೆ ತೆಗೆದ ಅರುವತ್ತು ಚಿತ್ರಗಳಲ್ಲಿ ಹನ್ನೊಂದು ಉಳಿದವು. ಅವುಗಳಲ್ಲಿ ಒಂದನ್ನು ಅವಳೇ ಆರಿಸಿದಳು. ಈ ಸಂಪುಟದ ಕ್ರೀಡಾಪುಟದಲ್ಲಿ ಅಚ್ಚಾಗಿರುವುದು ಅದೇ. ಕೈ ಕಂಬವನ್ನು ಬಿಟ್ಟಿದೆ, ದೇಹ ಇನ್ನೂ ನೆಲವನ್ನು ತಾಗಿಲ್ಲ. ಒಂದು ಪ್ರತಿಯನ್ನು ಅವಳ ತಾಯಿಗೆ ಕಳುಹಿಸಿದ್ದೇವೆ.